ಸೂಜಿಗಿಂತ ಮೊದಲು ಸಾಬೂನು: ನಾಯಿ ಕಚ್ಚಿದಾಗ ಮನೆಯಲ್ಲೇ ಆಗಬೇಕಾದ ಚಿಕಿತ್ಸೆ

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಏಳು ವರ್ಷದ ಮಗ ಓಣಿಯಲ್ಲಿ ಬೀದಿನಾಯಿಯ ಮರಿಯೊಂದಿಗೆ ಆಡುತ್ತಿದ್ದಾಗ ಅದು ಅವನ ಬಲಗೈ ತೋರುಬೆರಳಿಗೂ ಅಂಗೈಗೂ ಕಚ್ಚಿತು. ಎರಡೂ ಕಡೆ ಹಲ್ಲು ಇಳಿದು ಸ್ವಲ್ಪ ರಕ್ತ ಬಂದಿತ್ತು. ನಾನು ತೋಟದಲ್ಲಿದ್ದೆ. ಅತ್ತೆಯವರು ಗಾಬರಿಯಾಗಿ ಗಾಯಕ್ಕೆ ಸುಣ್ಣ, ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದರು. ಸುಮಾರು ಮೂರು ಗಂಟೆಯ ಮೇಲೆ ನಾನು ಬಂದು ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿ ಎರಡೂ ತೋಳಿಗೆ ಚುಚ್ಚುಮದ್ದು ಹಾಕಿ, ಗಾಯಕ್ಕೆ ಹಾಕುವ ಸೀರಂ ತಮ್ಮಲ್ಲಿಲ್ಲ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂದರು. ಅದು ಕುದುರೆಯ ರಕ್ತದಿಂದ ಮಾಡಿದ ಔಷಧಿ, ಮಕ್ಕಳಿಗೆ ಆಗಿಬರುವುದಿಲ್ಲ, ಚುಚ್ಚುಮದ್ದು ಆಯಿತಲ್ಲ, ಸಾಕು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಮರಿನಾಯಿ ಕಚ್ಚಿದರೆ ಏನೂ ಆಗುವುದಿಲ್ಲ, ಹತ್ತು ದಿನ ನೋಡಿ ಎನ್ನುವವರೂ ಇದ್ದಾರೆ. ಆದರೆ ಆ ಮರಿ ಎರಡು ದಿನದಿಂದ ಕಾಣುತ್ತಿಲ್ಲ. ಪಕ್ಕದೂರಿನ ನಾಟಿ ವೈದ್ಯರ ಬಳಿ ಬೇರು ಕುಡಿಸಿ ನಲವತ್ತು ದಿನ ಪಥ್ಯ ಮಾಡಿಸಿ ಎಂದೂ ಒತ್ತಾಯವಿದೆ. ಮೊದಲ ಚುಚ್ಚುಮದ್ದು ಆಗಿ ಇಂದಿಗೆ ಮೂರು ದಿನ. ಮುಂದಿನ ವಾರ ತವರಿಗೆ ಹೋಗಬೇಕಾಗಿದೆ. ಮನೆಯಲ್ಲಿ ಒಂದು ವರ್ಷದ ಕೂಸೂ ಇದೆ; ಭಯಕ್ಕೆ ಅಣ್ಣನನ್ನು ಅದರ ಹತ್ತಿರ ಬಿಡುತ್ತಿಲ್ಲ. ನಾನು ತಪ್ಪು ಮಾಡಿದೆನೇ? ಈಗ ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಕೈಸೇರಿದ ದಿನವೇ ದೂರವಾಣಿಯಲ್ಲಿ ಹೇಳಿದ ಮಾತನ್ನು ಇಲ್ಲಿಯೂ ಮೊದಲಿಗೆ ಬರೆಯುತ್ತೇನೆ, ಏಕೆಂದರೆ ಇದೇ ಸ್ಥಿತಿಯಲ್ಲಿರುವ ಇನ್ನೊಬ್ಬ ತಾಯಿ ಇದನ್ನು ಓದುತ್ತಿರಬಹುದು. ನಿಮ್ಮ ಮಗನಿಗೆ ಸೀರಂ ಬೇಕೇ ಬೇಕು. ಮೊದಲ ಲಸಿಕೆ ಹಾಕಿದ ದಿನದಿಂದ ಏಳು ದಿನದೊಳಗೆ ಅದನ್ನು ಹಾಕಿಸಬಹುದು, ಆದರೆ ಏಳು ದಿನ ಇದೆಯೆಂದು ಕಾಯುವುದಲ್ಲ. ಇಂದು ಸಾಧ್ಯವಾದರೆ ಇಂದೇ ಹಾಕಿಸಬೇಕು. ಉಳಿದ ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರಿಸಲು ಸಮಯವಿದೆ, ಇದಕ್ಕೆ ಇಲ್ಲ.

ನೀವು ಕೇಳಿರುವುದರಲ್ಲಿ ಮುಖ್ಯವಾದ ಆತಂಕ ಎರಡು ಎಂದು ನನಗೆ ಕಾಣುತ್ತದೆ. ಮೂರು ಗಂಟೆ ತಡವಾಗಿ ತೊಳೆದದ್ದರಿಂದ ಕೈಮೀರಿತೇ ಎಂಬುದು ಒಂದು. ತೋಳಿಗೆ ಚುಚ್ಚುಮದ್ದು ಆದ ಮೇಲೂ ಗಾಯದೊಳಗೆ ಮತ್ತೊಂದು ಔಷಧಿ ಏಕೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ರೇಬೀಸ್ ವೈರಾಣು ದೇಹದಲ್ಲಿ ಹೇಗೆ ಸಾಗುತ್ತದೆ ಎಂಬುದರಲ್ಲಿದೆ.

ಕಚ್ಚಿದ ನಾಯಿಗೆ ರೇಬೀಸ್ ಇದ್ದರೆ ವೈರಾಣು ಅದರ ಜೊಲ್ಲಿನ ಮೂಲಕ ಗಾಯಕ್ಕೆ ಇಳಿಯುತ್ತದೆ. ಬೇರೆ ಅನೇಕ ಸೋಂಕುಗಳಂತೆ ಇದು ರಕ್ತದ ಮೂಲಕ ಮೈಯೆಲ್ಲ ಹರಡುವುದಿಲ್ಲ. ಗಾಯದ ಸುತ್ತಲಿನ ಸ್ನಾಯುವಿನಲ್ಲಿ ಕೆಲಕಾಲ ಉಳಿದು, ಅಲ್ಲಿಂದ ನರದ ತುದಿಯನ್ನು ಹೊಕ್ಕು, ನರದೊಳಗಿನಿಂದಲೇ ಬೆನ್ನುಹುರಿಯನ್ನೂ ಮಿದುಳನ್ನೂ ತಲುಪುತ್ತದೆ. ಸಾಮಾನ್ಯವಾಗಿ ಈ ಪ್ರಯಾಣಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ; ಒಂದು ವಾರದಷ್ಟು ಕಡಿಮೆ ಅವಧಿಯಲ್ಲಿ ರೋಗ ಕಾಣಿಸಿಕೊಂಡದ್ದೂ ಇದೆ, ವರ್ಷದ ಮೇಲೆ ಕಾಣಿಸಿಕೊಂಡದ್ದೂ ಇದೆ. ತಲೆ, ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ. ಕೈಬೆರಳುಗಳಲ್ಲಿ ನರದ ತುದಿಗಳು ದಟ್ಟವಾಗಿರುವುದರಿಂದ ಅಲ್ಲಿನ ಸಣ್ಣ ಗಾಯವನ್ನೂ ಹಗುರವಾಗಿ ಎಣಿಸುವಂತಿಲ್ಲ. ನರವನ್ನು ಹೊಕ್ಕ ವೈರಾಣುವನ್ನು ನಮ್ಮ ದೇಹದ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿದು ತಡೆಯಲು ದೇಹ ತಯಾರಿಸುವ ವಸ್ತುಗಳು, ಸುಲಭವಾಗಿ ತಲುಪಲಾರವು, ಮತ್ತು ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಸಬಲ್ಲ ಚಿಕಿತ್ಸೆ ಇಂದಿಗೂ ನಮ್ಮ ಬಳಿ ಇಲ್ಲ. ಆದ್ದರಿಂದ ನಾವು ಮಾಡುವುದೆಲ್ಲ ಅದು ಗಾಯದಲ್ಲಿರುವಾಗಲೇ ಆಗಬೇಕು.

ಅಲ್ಲಿ ಮೊದಲು ಕೆಲಸ ಮಾಡುವುದು ಆಸ್ಪತ್ರೆಯ ಔಷಧಿಯಲ್ಲ, ಮನೆಯ ಸಾಬೂನು. ರೇಬೀಸ್ ವೈರಾಣುವಿನ ಹೊರಕವಚ ಕೊಬ್ಬಿನಿಂದಾದದ್ದು. ಒಗ್ಗರಣೆ ಬಾಣಲೆಯ ಜಿಡ್ಡು ಬರೀ ನೀರಿಗೆ ಹೋಗದೆ ಸಾಬೂನಿಗೆ ಬಿಡುವ ಹಾಗೆ, ಈ ಕವಚವೂ ಸಾಬೂನಿಗೆ ಒಡೆಯುತ್ತದೆ. ಕವಚ ಒಡೆದ ವೈರಾಣು ಸೋಂಕು ತಗುಲಿಸಲಾರದು. ಹರಿಯುವ ನೀರು ಉಳಿದ ಜೊಲ್ಲನ್ನು ಕೊಚ್ಚಿಕೊಂಡು ಹೋಗುತ್ತದೆ. ನಾನು ಕೆಲಸ ಮಾಡುವ ನಾಯಿ ಕಡಿತದ ಚಿಕಿತ್ಸಾ ಕೊಠಡಿಗೆ ಬರುವವರಲ್ಲಿ ಚುಚ್ಚುಮದ್ದು ಬೇಕೆಂಬುದನ್ನು ತಿಳಿಯದವರು ಈಗ ಕಡಿಮೆ. ಆದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಬಂದವರು ಅದಕ್ಕಿಂತ ಕಡಿಮೆ. ಜಾಗೃತಿಯ ಮಾತು ಸೂಜಿಯವರೆಗೆ ತಲುಪಿದೆ, ನಲ್ಲಿಯವರೆಗೆ ಇನ್ನೂ ತಲುಪಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ, ಏಕೆಂದರೆ ಇದಕ್ಕೆ ಹಣ ಬೇಡ, ಬಸ್ಸು ಬೇಡ, ವೈದ್ಯರೂ ಬೇಡ.

ತೊಳೆಯುವುದೆಂದರೆ ನೀರು ಚಿಮುಕಿಸಿ ಒರೆಸುವುದಲ್ಲ. ನಲ್ಲಿ ಇದ್ದರೆ ಅದರ ಕೆಳಗೆ ಗಾಯ ಹಿಡಿಯಬೇಕು. ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಎಡೆಬಿಡದೆ ನೀರು ಸುರಿಯುತ್ತಿರಬೇಕು. ಸಾಬೂನು ಯಾವುದಾದರೂ ಆದೀತು, ಮೈ ಸಾಬೂನಾಗಲಿ ಬಟ್ಟೆ ಸಾಬೂನಾಗಲಿ. ನೊರೆ ಹಚ್ಚಿ ತೊಳೆದು, ಮತ್ತೆ ನೊರೆ ಹಚ್ಚಿ ತೊಳೆಯಬೇಕು. ಅಳುವ ಮಗುವಿನ ಎದುರು ಎರಡು ನಿಮಿಷವೇ ಹದಿನೈದು ನಿಮಿಷದಂತೆ ಅನಿಸುವುದರಿಂದ ಗಡಿಯಾರ ನೋಡಿಕೊಂಡು ತೊಳೆಯುವುದು ಒಳ್ಳೆಯದು. ಬ್ರಷ್ಷಿನಿಂದ ಉಜ್ಜಬಾರದು, ಹಿಂಡಿ ರಕ್ತ ತೆಗೆಯಬಾರದು, ಬಾಯಿಂದ ಹೀರಬಾರದು. ತಲೆಗೆ ಕಚ್ಚಿದ್ದರೆ ಕೂದಲು ಸರಿಸಿ ಬುಡದವರೆಗೆ ನೀರು ಹೋಗುವಂತೆ ನೋಡಬೇಕು; ಜೊಲ್ಲು ಕಣ್ಣಿಗೋ ಬಾಯೊಳಗೋ ತಾಗಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಆ ಬಳಿಕ ಮನೆಯಲ್ಲಿದ್ದರೆ ಪೊವಿಡೋನ್ ಅಯೋಡಿನ್ ಅಥವಾ ಸ್ಪಿರಿಟ್ ಹಚ್ಚಬಹುದು. ಗಾಯವನ್ನು ಬಿಗಿಯಾಗಿ ಕಟ್ಟದೆ ಹಾಗೆಯೇ ಆಸ್ಪತ್ರೆಗೆ ಹೊರಡಬೇಕು. ಇದಕ್ಕೆಲ್ಲ ಒಂದೇ ವಿನಾಯಿತಿ ಇದೆ: ರಕ್ತ ಚಿಮ್ಮುತ್ತಿದ್ದರೆ ಅಥವಾ ನಿಲ್ಲದೆ ಹರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಅದುಮಿ ಹಿಡಿದು ಆಸ್ಪತ್ರೆಗೆ ಓಡಬೇಕು, ತೊಳೆಯುವುದನ್ನು ಅಲ್ಲಿನವರು ನೋಡಿಕೊಳ್ಳುತ್ತಾರೆ.

ಮೂರು ಗಂಟೆಯ ಮೇಲೆ ತೊಳೆದದ್ದು ವ್ಯರ್ಥವೇನಲ್ಲ. ತಡವಾಗಿ ಬಂದವರ ಗಾಯವನ್ನೂ ನಾವು ತೊಳೆಯುತ್ತೇವೆ, ಮರುದಿನ ಬಂದವರದ್ದನ್ನೂ ತೊಳೆಯುತ್ತೇವೆ. ಕೂಡಲೇ ತೊಳೆದಷ್ಟು ಫಲ ತಡವಾಗಿ ತೊಳೆದಾಗ ಇರುವುದಿಲ್ಲ ಎಂಬುದು ನಿಜ. ಸೀರಂ ಬಿಡಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ. ಸುಣ್ಣದ ವಿಷಯಕ್ಕೆ ಬಂದರೆ, ಅದು ಚರ್ಮವನ್ನು ಸುಟ್ಟು ಗಾಯವನ್ನು ದೊಡ್ಡದು ಮಾಡುತ್ತದೆ. ಖಾರದ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಇವೆಲ್ಲ ಗಾಯವನ್ನು ಕೆರಳಿಸುತ್ತವೆ. ಹಚ್ಚುವಾಗ ತಿಕ್ಕುವ ಬೆರಳು ಜೊಲ್ಲನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಅರಿಶಿನ ಅಡುಗೆಮನೆಯಲ್ಲಿ ಒಳ್ಳೆಯದೇ, ಆದರೆ ಗಾಯದ ಮೇಲೆ ಮೆತ್ತಿದ ಅರಿಶಿನ ತೊಳೆಯಬೇಕಾದ ಜೊಲ್ಲಿಗೆ ಮುಚ್ಚಳವಾಗುತ್ತದೆ. ಅತ್ತೆಯವರನ್ನು ದಯವಿಟ್ಟು ದೂರಬೇಡಿ. ಅವರು ಕೈಗೆ ಸಿಕ್ಕಿದ್ದರಲ್ಲಿ ಮೊಮ್ಮಗನನ್ನು ಕಾಪಾಡಲು ನೋಡಿದ್ದಾರೆ, ಅವರಿಗೆ ಸಾಬೂನಿನ ವಿಷಯವನ್ನು ಯಾರೂ ಹೇಳಿರಲಿಲ್ಲ. ಹಗಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಅವರೇ ಆದ್ದರಿಂದ ನಲ್ಲಿಯ ಬಳಿ ನಿಲ್ಲಿಸಿಕೊಂಡು ತೊಳೆಯುವ ರೀತಿಯನ್ನು ಅವರಿಗೆ ತೋರಿಸಿಕೊಡಿ.

ಈಗ ಸೀರಂ. ತೋಳಿಗೆ ಹಾಕಿದ ಲಸಿಕೆ ಮಗನ ದೇಹಕ್ಕೆ ಪ್ರತಿಕಾಯಗಳನ್ನು ತಯಾರಿಸಲು ಕಲಿಸುತ್ತದೆ, ಮತ್ತು ಆ ಕಲಿಕೆಗೆ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಗಾಯದಲ್ಲಿರುವ ವೈರಾಣುವಿಗೆ ತಡೆಯೇ ಇರುವುದಿಲ್ಲ. ಇಮ್ಯುನೋಗ್ಲಾಬ್ಯುಲಿನ್ ಎಂಬ ಈ ಸೀರಂನಲ್ಲಿ ಸಿದ್ಧವಾದ ಪ್ರತಿಕಾಯಗಳೇ ಇರುತ್ತವೆ. ಅವನ್ನು ಗಾಯದೊಳಗೂ ಅದರ ಅಂಚಿಗೂ ಚುಚ್ಚಿದಾಗ, ನರವನ್ನು ಹೊಗುವ ಮೊದಲೇ ವೈರಾಣು ಅಲ್ಲೇ ನಿಷ್ಕ್ರಿಯವಾಗುತ್ತದೆ. ಲಸಿಕೆ ಶುರುವಾಗಿ ಏಳು ದಿನ ಕಳೆದ ಮೇಲೆ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ತೊಡಗಿರುತ್ತದೆ. ಆಗ ಸೀರಂ ಕೊಟ್ಟರೆ ಆ ಕೆಲಸಕ್ಕೇ ಅಡ್ಡಿಯಾಗಬಹುದು. ಏಳು ದಿನದ ಮಿತಿ ಬಂದದ್ದು ಹೀಗೆ.

ಎಲ್ಲ ಗಾಯಕ್ಕೂ ಸೀರಂ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಮೂರು ವರ್ಗಗಳನ್ನೇ ನಾವೂ ಅನುಸರಿಸುತ್ತೇವೆ. ನಾಯಿಯನ್ನು ಮುಟ್ಟಿದರೆ, ತಿನ್ನಿಸಿದರೆ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದರೆ ಮೊದಲನೆಯ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಪರಚು, ತೊಗಲು ತರಚುವಷ್ಟು ಕಡಿತ ಎರಡನೆಯದು. ಅದಕ್ಕೆ ಲಸಿಕೆ ಬೇಕು. ಹಲ್ಲು ಚರ್ಮದೊಳಕ್ಕೆ ಇಳಿದ ಕಡಿತ, ರಕ್ತ ಬಂದ ಪರಚು, ಇದ್ದ ಗಾಯದ ಮೇಲೆ ಅಥವಾ ಕಣ್ಣು, ಬಾಯಿಗೆ ತಾಗಿದ ಜೊಲ್ಲು ಮೂರನೆಯದು. ಅದಕ್ಕೆ ಲಸಿಕೆಯ ಜೊತೆ ಸೀರಂ ಕೂಡ ಬೇಕು. ನಿಮ್ಮ ಮಗನದು ಮೂರನೆಯ ವರ್ಗ. ರಕ್ತ ಸ್ವಲ್ಪವೇ ಬಂತು ಎಂಬುದರಿಂದ ವರ್ಗ ಬದಲಾಗುವುದಿಲ್ಲ. ಲಸಿಕೆ ಹಾಕಿಸಿದ ಮೇಲೂ ರೇಬೀಸ್ ಬಂದಿತು ಎಂಬ ಸುದ್ದಿಗಳನ್ನು ನೀವು ಕೇಳಿರಬಹುದು. ಅಂಥ ಪ್ರಕರಣಗಳನ್ನು ಪರಿಶೀಲಿಸಿದಾಗ ಹೆಚ್ಚಿನವುಗಳಲ್ಲಿ ಸಿಗುವುದು ಗಾಯ ತೊಳೆಯದೆ ಇದ್ದದ್ದು, ಸೀರಂ ಹಾಕಿಸದೆ ಇದ್ದದ್ದು ಅಥವಾ ಒಂದು ಗಾಯಕ್ಕೆ ಹಾಕಿ ಇನ್ನೊಂದನ್ನು ಬಿಟ್ಟದ್ದು, ಚಿಕಿತ್ಸೆ ತಡವಾದದ್ದು, ತಲೆ ಅಥವಾ ಮುಖದ ಆಳವಾದ ಕಡಿತ. ಬರೀ ಲಸಿಕೆಯನ್ನು ದೂರಿ ಜನ ಅದರಿಂದಲೂ ದೂರವಾಗುವುದು ಅಪಾಯ.

ಕುದುರೆಯ ರಕ್ತದ ಮಾತಿನಲ್ಲಿ ಅರ್ಧ ಸತ್ಯವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕುದುರೆಯಿಂದ ಪಡೆದ ಸೀರಂ. ಹಿಂದಿನ ಕಾಲದ ಸೀರಂಗಳಿಂದ ತೀವ್ರ ಅಲರ್ಜಿ ಆಗುತ್ತಿದ್ದುದೂ ಹೌದು. ಈಗ ಸಿಗುವುದು ಬಹಳ ಶುದ್ಧೀಕರಿಸಿದ್ದು, ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವಂಥದ್ದು. ಆದರೂ ಅಪರೂಪಕ್ಕೆ ತೀವ್ರ ಅಲರ್ಜಿ ಕಾಣಿಸಿಕೊಳ್ಳಬಹುದಾದ್ದರಿಂದ ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಇದನ್ನು ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲಿ ಕೂರಿಸಿಕೊಳ್ಳಬೇಕು. ಕೆಲವರಿಗೆ ವಾರದ ಆಚೆಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬರುವುದುಂಟು, ಅದಕ್ಕೆ ಔಷಧಿಯಿದೆ. ಮಗನಿಗೆ ಮೊದಲೇ ಅಸ್ತಮಾ, ಅಲರ್ಜಿ ಇದ್ದರೆ ವೈದ್ಯರಿಗೆ ತಿಳಿಸಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಪ್ರಮಾಣ ತೂಕದ ಲೆಕ್ಕ: ಕುದುರೆ ಸೀರಂ ಆದರೆ ಕಿಲೋಗೆ 40 ಯೂನಿಟ್, ಅಂದರೆ 20 ಕಿಲೋ ತೂಗುವ ಹುಡುಗನಿಗೆ ಹೆಚ್ಚೆಂದರೆ 800 ಯೂನಿಟ್. ಮನುಷ್ಯ ರಕ್ತದಿಂದ ಪಡೆದ ಸೀರಂ ಆದರೆ ಕಿಲೋಗೆ 20 ಯೂನಿಟ್. ಅದರಲ್ಲಿ ಅಲರ್ಜಿಯ ಭಯ ಇನ್ನೂ ಕಡಿಮೆ, ಬೆಲೆ ಬಹಳ ಹೆಚ್ಚು. ಪ್ರಯೋಗಾಲಯದಲ್ಲಿ ತಯಾರಿಸಿದ ಮೊನೊಕ್ಲೋನಲ್ ಪ್ರತಿಕಾಯಗಳೂ ನಮ್ಮ ದೇಶದಲ್ಲಿ ಕೆಲವು ವರ್ಷಗಳಿಂದ ದೊರೆಯುತ್ತಿವೆ. ಮೂರರಲ್ಲಿ ಯಾವುದಾದರೂ ಆಗಬಹುದು. ದುಬಾರಿಯದನ್ನು ಹುಡುಕುತ್ತ ದಿನ ಕಳೆಯುವುದಕ್ಕಿಂತ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಂದು ಸಿಗುವುದನ್ನು ಹಾಕಿಸುವುದು ಮೇಲು. ಹೊರಡುವ ಮೊದಲು ಆಶಾ ಕಾರ್ಯಕರ್ತೆಯ ಮೂಲಕವೋ ನೇರವಾಗಿಯೋ ದಾಸ್ತಾನು ಇದೆಯೇ ಎಂದು ವಿಚಾರಿಸಿಕೊಂಡರೆ ಮಗುವನ್ನು ಹೊತ್ತು ಅಲೆಯುವುದು ತಪ್ಪುತ್ತದೆ.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಬೆರಳಿಗೆ ಸೀರಂ ಚುಚ್ಚುವಾಗ ಬಹಳ ನೋವಾಗುತ್ತದೆ, ಮಗು ಕಿರುಚುತ್ತದೆ. ಕುದುರೆಯ ರಕ್ತದ ಮಾತಿಗಿಂತ ಈ ಸಂಕಟಕ್ಕೇ ಅಪ್ಪ ಅಮ್ಮಂದಿರು ‘ಸಾಕು ಬಿಡಿ ಡಾಕ್ಟ್ರೇ’ ಎನ್ನುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಬೆರಳಿನಲ್ಲಿ ಜಾಗ ಕಡಿಮೆ ಇರುವುದರಿಂದ ಅಲ್ಲಿ ಹಿಡಿಯುವಷ್ಟನ್ನು ಮಾತ್ರ ನಿಧಾನವಾಗಿ ಹಾಕುತ್ತೇವೆ. ಎರಡು ಗಾಯಗಳಿದ್ದರೆ ಎರಡಕ್ಕೂ ಹಾಕಲೇಬೇಕು. ಅಂಗೈಯ ಗಾಯ ಮಾಗಿದಂತೆ ಕಂಡರೂ ಅದನ್ನು ವೈದ್ಯರಿಗೆ ತೋರಿಸಿ. ಇಂಥ ಗಾಯಕ್ಕೆ ಹೊಲಿಗೆಯನ್ನು ಆದಷ್ಟು ಹಾಕುವುದಿಲ್ಲ, ಹಾಕಲೇಬೇಕಾದರೆ ಸೀರಂ ಆದ ಮೇಲೆ ಸಡಿಲವಾಗಿ ಹಾಕುತ್ತೇವೆ. ಧನುರ್ವಾಯುವಿನ ಚುಚ್ಚುಮದ್ದು ಮತ್ತು ಕೀವಾಗದಂತೆ ಆಂಟಿಬಯಾಟಿಕ್ ಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿ.

ಲಸಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ನೆನಪು ಹಿರಿಯರಲ್ಲಿ ಇನ್ನೂ ಇದೆ. ಅದು ಪ್ರಾಣಿಗಳ ಮಿದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ; 2004ರ ಕೊನೆಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಈಗ ಎರಡು ಕ್ರಮಗಳಿವೆ. ಚರ್ಮದ ಪದರದಲ್ಲಿ ಎರಡೂ ತೋಳಿಗೆ 0.1 ಮಿಲಿಲೀಟರಿನಂತೆ ಹಾಕುವುದಾದರೆ 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ 0, 3, 7, 14 ಮತ್ತು 28ನೇ ದಿನ. ಮೊದಲ ಚುಚ್ಚುಮದ್ದಿನ ದಿನವೇ ಸೊನ್ನೆಯ ದಿನ. ದೊಡ್ಡವರಿಗೂ ಮಕ್ಕಳಿಗೂ ಪ್ರಮಾಣ ಒಂದೇ. ಸ್ನಾಯುವಿಗೆ ಹಾಕುವಾಗ ತೋಳಿಗೆ, ಪುಟ್ಟ ಕೂಸುಗಳಿಗಾದರೆ ತೊಡೆಯ ಹೊರಮಗ್ಗುಲಿಗೆ ಹಾಕಬೇಕು, ಕುಂಡೆಗೆ ಅಲ್ಲ. ನಿಮ್ಮ ಮಗನಿಗೆ ಎರಡೂ ತೋಳಿಗೆ ಹಾಕಿದ್ದಾರೆಂದರೆ ಅದು ಮೊದಲನೆಯ ಕ್ರಮವೇ ಇರಬೇಕು, ಆದರೂ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಅವನಿಗೆ ಎರಡನೆಯ ಬಾರಿ ಹಾಕಿಸಬೇಕಾದ ದಿನ ಇವತ್ತೇ. ತವರಿಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಚೀಟಿಯನ್ನು ಜೊತೆಗಿಟ್ಟುಕೊಂಡು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದಿನದನ್ನು ಹಾಕಿಸಿ. ಯಾವುದೋ ಕಾರಣಕ್ಕೆ ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಆದಷ್ಟು ಬೇಗ ಹಾಕಿಸಿ ಮುಂದುವರಿಸಬೇಕು. ಮೂರು ಸಲ ಆಯಿತು, ಮಗು ಚೆನ್ನಾಗಿದೆ ಎಂದು 28ನೇ ದಿನದ್ದನ್ನು ಬಿಡುವವರು ಬಹಳ ಮಂದಿ. ನೀವು ಬಿಡಬೇಡಿ.

ಮರಿಗೆ ರೇಬೀಸ್ ಇರುವುದಿಲ್ಲ ಎಂಬುದು ತಪ್ಪು. ತಾಯಿಯ ಜೊಲ್ಲಿನಿಂದಲೋ ಬೇರೆ ನಾಯಿಯ ಕಡಿತದಿಂದಲೋ ಮರಿಗೂ ರೋಗ ತಗುಲುತ್ತದೆ, ಮತ್ತು ಮಕ್ಕಳು ಎತ್ತಿ ಮುದ್ದಾಡುವುದು ಮರಿಗಳನ್ನೇ. ಹತ್ತು ದಿನ ಕಾಯುವ ಮಾತಿಗೆ ಆಧಾರವಿದೆ, ಆದರೆ ಜನ ಅದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ರೇಬೀಸ್ ಬಂದ ನಾಯಿಯ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಳ್ಳುವುದು ಲಕ್ಷಣಗಳಿಗೆ ಕೆಲವೇ ದಿನ ಮೊದಲು, ಮತ್ತು ಲಕ್ಷಣ ಶುರುವಾದ ಮೇಲೆ ನಾಯಿ ಬೇಗನೆ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎನ್ನಬಹುದು. ಹಾಗೆಂದು ಹತ್ತು ದಿನ ನೋಡಿ ಆಮೇಲೆ ಚಿಕಿತ್ಸೆ ಶುರು ಮಾಡುವುದಲ್ಲ. ಚಿಕಿತ್ಸೆಯನ್ನು ಆ ದಿನವೇ ಶುರು ಮಾಡಿ, ನಾಯಿ ಚೆನ್ನಾಗಿದ್ದರೆ ಮುಂದೇನು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಕೋತಿ, ಮುಂಗುಸಿ, ನರಿಗಳಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ನಿಮ್ಮ ಓಣಿಯ ಮರಿ ಕಾಣೆಯಾಗಿರುವುದರಿಂದ ಅದಕ್ಕೆ ರೋಗ ಇತ್ತೆಂದೇ ಎಣಿಸಿ ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು. ಸಾಕುನಾಯಿ ಕಚ್ಚಿದಾಗಲೂ, ಅದಕ್ಕೆ ಲಸಿಕೆ ಆಗಿದೆ ಎಂಬ ಬಾಯಿಮಾತಿನ ಮೇಲೆ ಸುಮ್ಮನಿರಬಾರದು.

ರೇಬೀಸ್ ಬಂದ ನಾಯಿ ಜೊಲ್ಲು ಸುರಿಸುತ್ತ ಕಂಡವರ ಮೇಲೆ ಎರಗುತ್ತದೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಮಂಕಾಗಿ ಮೂಲೆ ಸೇರುವ, ದವಡೆ ಜೋತುಬಿದ್ದು ನುಂಗಲಾಗದೆ ಒದ್ದಾಡುವ ಇನ್ನೊಂದು ಬಗೆಯೂ ಇದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಕನಿಕರಪಟ್ಟು ಅದರ ಬಾಯಿಗೆ ಕೈಹಾಕುವವರಿದ್ದಾರೆ. ನುಂಗಲಾಗದ ದನದ ಬಾಯಿಗೂ ರೈತರು ಹಾಗೆಯೇ ಕೈಹಾಕುತ್ತಾರೆ. ಕೈಯಲ್ಲಿ ಸಣ್ಣ ಸೀಳಿದ್ದರೂ ಸಾಕು, ಅದು ಮೂರನೆಯ ವರ್ಗವಾಗುತ್ತದೆ. ಅಂಥ ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಕಚ್ಚಿದ ನಾಯಿಯನ್ನು ಸಿಟ್ಟಿನಲ್ಲಿ ಹೊಡೆದು ಕೊಂದರೆ ಹತ್ತು ದಿನ ಗಮನಿಸುವ ಅವಕಾಶವೂ ಹೋಗುತ್ತದೆ.

ನಾಟಿ ಔಷಧಿಯ ವಿಷಯದಲ್ಲಿ ಜನ ತೋರಿಸುವ ಸಾಕ್ಷಿ ಒಂದೇ: ಇಂಥವರು ಬೇರು ಕುಡಿದರು, ಏನೂ ಆಗಲಿಲ್ಲ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದೇ ಇಲ್ಲ, ಆದ್ದರಿಂದ ಬೇರು ಕುಡಿಯದಿದ್ದರೂ ಅವರಿಗೆ ಏನೂ ಆಗುತ್ತಿರಲಿಲ್ಲ. ಯಾವ ನಾಯಿಗೆ ಇತ್ತು, ಯಾವುದಕ್ಕೆ ಇರಲಿಲ್ಲ ಎಂಬುದು ಕಚ್ಚಿದ ದಿನ ಯಾರಿಗೂ ತಿಳಿಯದು. ಗಾಯದಲ್ಲಿರುವ ವೈರಾಣುವನ್ನು ಹೊಟ್ಟೆಗೆ ಹೋದ ಬೇರು ತಡೆಯುವುದಿಲ್ಲ. ಅದನ್ನು ನಂಬಿ ಕಳೆದ ದಿನಗಳನ್ನು ನಾವು ಮರಳಿ ಕೊಡಲಾರೆವು. ಪಥ್ಯವೂ ಬೇಕಿಲ್ಲ. ಮೊಟ್ಟೆ, ಮಾಂಸ, ಬದನೆಕಾಯಿ, ಮೊಸರು ಎಲ್ಲವನ್ನೂ ಅವನು ಮೊದಲಿನಂತೆ ತಿನ್ನಲಿ, ಸ್ನಾನ ಮಾಡಲಿ, ಶಾಲೆಗೆ ಹೋಗಲಿ. ಕೂಸನ್ನು ಅವನಿಂದ ದೂರ ಇಡಬೇಡಿ. ಕಚ್ಚಿಸಿಕೊಂಡ ಹುಡುಗನಿಂದ ಮುಟ್ಟುವುದರಿಂದಾಗಲಿ, ಜೊತೆಗೆ ಉಣ್ಣುವುದರಿಂದಾಗಲಿ, ಮಲಗುವುದರಿಂದಾಗಲಿ ಕೂಸಿಗೆ ರೇಬೀಸ್ ಬರುವುದಿಲ್ಲ. ಈಗಾಗಲೇ ಹೆದರಿರುವ ಹುಡುಗನಿಗೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳಲು ಬಿಡದಿರುವುದು ದೊಡ್ಡ ಶಿಕ್ಷೆಯಾದೀತು.

ನೀವು ತಪ್ಪು ಮಾಡಿದಿರೇ ಎಂದು ಕೇಳಿದ್ದೀರಿ. ತೋಟದಿಂದ ಬಂದ ತಕ್ಷಣ ಸುಣ್ಣ ತೊಳೆದು ಅಂದೇ ಲಸಿಕೆ ಹಾಕಿಸಿದ್ದೀರಿ, ಮನೆಯವರೆಲ್ಲ ಬೇಡವೆಂದರೂ ಸೀರಂ ಬಗ್ಗೆ ವಿಚಾರಿಸಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಕೆಲಸ ಉಳಿದಿದೆ. ಆ ಮರಿಯ ಜೊತೆ ಆಡಿದವನು ನಿಮ್ಮ ಮಗ ಒಬ್ಬನೇ ಆಗಿರಲಾರ. ಬೈಗುಳಕ್ಕೂ ಸೂಜಿಗೂ ಹೆದರಿ ಮಕ್ಕಳು ಸಣ್ಣ ಕಡಿತವನ್ನು ಮುಚ್ಚಿಡುತ್ತಾರೆ. ಓಣಿಯ ಮನೆಗಳಿಗೆ ಹೋಗಿ, ಅಥವಾ ಆಶಾ ಕಾರ್ಯಕರ್ತೆಗೂ ಶಾಲೆಯ ಶಿಕ್ಷಕರಿಗೂ ಹೇಳಿ, ಆ ಮರಿ ಯಾರಿಗೆ ಕಚ್ಚಿದೆ, ಪರಚಿದೆ, ಯಾರ ಗಾಯವನ್ನು ನೆಕ್ಕಿದೆ ಎಂದು ಬೈಯದೆ ವಿಚಾರಿಸಿ, ಕೈಕಾಲು ನೋಡಿಸಿ. ಯಾರಿಗಾದರೂ ಹಾಗೆ ಆಗಿದ್ದರೆ, ಎಷ್ಟು ದಿನ ಕಳೆದಿದ್ದರೂ ಸರಿ, ಗಾಯ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ. ಮರಿಯ ತಾಯಿ ಮತ್ತು ಓಣಿಯ ಉಳಿದ ನಾಯಿಗಳ ಮೇಲೆ ಕಣ್ಣಿಡುವಂತೆಯೂ ಅವಕ್ಕೆ ಲಸಿಕೆ ಹಾಕಿಸುವಂತೆಯೂ ಗ್ರಾಮ ಪಂಚಾಯಿತಿಗೂ ಹತ್ತಿರದ ಪಶು ಆಸ್ಪತ್ರೆಗೂ ಲಿಖಿತವಾಗಿ ತಿಳಿಸಿ.